ಎಡ ಅರ್ಧದಲ್ಲಿ ಏನಿದೆ?

ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್‌ಗಳ ಅಸೆಂಬ್ಲರ್, ಅಂದರೆ ಯಂತ್ರದ ಒಂದೊಂದು ಸೂಚನೆಯನ್ನೂ ನೇರವಾಗಿ ಬರೆಯುವ ಭಾಷೆ, ಕಲಿಯುತ್ತಿರುವವರ ಜೊತೆ ಕೂತು ಕೋಡ್ ಓದುವಾಗ ನಾನು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. ಈ ಸಾಲು ಮುಗಿದ ಮೇಲೆ ರಿಜಿಸ್ಟರ್‌ನ, ಅಂದರೆ ಪ್ರೊಸೆಸರ್ ಒಳಗೆ ಲೆಕ್ಕಕ್ಕೆ ಸಂಖ್ಯೆ ಇಟ್ಟುಕೊಳ್ಳುವ ಪುಟ್ಟ ಜಾಗದ, ಎಡ ಅರ್ಧದಲ್ಲಿ ಏನಿದೆ? ಬಲ ಅರ್ಧದ ಬಗ್ಗೆ ಕೇಳಿದರೆ ಎಲ್ಲರೂ ಥಟ್ಟನೆ ಹೇಳುತ್ತಾರೆ. ಮೆಮೊರಿಯಿಂದ ನಾಲ್ಕು ಬೈಟ್ ಬಂತು, ಅಲ್ಲಿ ಕೂತಿತು. ಎಡದ ಬಗ್ಗೆ ಕೇಳಿದಾಗ ಸಾಮಾನ್ಯವಾಗಿ ಬರುವ ಉತ್ತರ, 'ಸೊನ್ನೆ ಇರಬೇಕು.' ಆ ಊಹೆಯಿಂದ ಎಷ್ಟು ಜನರ ರಾತ್ರಿ ನಿದ್ದೆ ಹೋಗಿದೆ ಅಂತ ಈ ಕೆಲಸದಲ್ಲಿ ಇರುವವರಿಗೆ ಗೊತ್ತು.

ನಾನು ಹೇಳುತ್ತಿರುವುದು ಐಬಿಎಂನ ಝಡ್ ಆರ್ಕಿಟೆಕ್ಚರ್ ಬಗ್ಗೆ. ಬೆಂಗಳೂರಿನಲ್ಲಿ ಕೂತು ಅಮೆರಿಕ, ಯುರೋಪಿನ ಬ್ಯಾಂಕುಗಳ, ವಿಮಾ ಕಂಪನಿಗಳ ಮೇನ್‌ಫ್ರೇಮ್ ನೋಡಿಕೊಳ್ಳುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅವರಲ್ಲಿ ಹೆಚ್ಚಿನವರ ದಿನ ಕೋಬಾಲ್, ಜೆಸಿಎಲ್, ಡಿಬಿ2 ಜೊತೆಗೇ ಕಳೆಯುತ್ತದೆ. ಅಸೆಂಬ್ಲರ್ ಮುಟ್ಟುವವರು ಕಡಿಮೆ. ಆದರೆ ಒಂದು ಡಂಪ್, ಅಂದರೆ ಪ್ರೋಗ್ರಾಮ್ ಬಿದ್ದಾಗ ಮೆಮೊರಿಯ ಸ್ಥಿತಿ ಬರೆದಿಟ್ಟ ದಾಖಲೆ, ತೆರೆದ ಕೂಡಲೇ ಎದುರಿಗೆ ಬರುವುದು ಆ ಯಂತ್ರದ ಹದಿನಾರು ರಿಜಿಸ್ಟರ್‌ಗಳೇ. ಅವುಗಳನ್ನು ಓದಲು ಬಂದರೆ ಅರ್ಧ ಕೆಲಸ ಮುಗಿದ ಹಾಗೆ.

ಈ ರಿಜಿಸ್ಟರ್‌ಗಳು ಹುಟ್ಟಿದ್ದು 32 ಬಿಟ್ ಅಗಲದಲ್ಲಿ. 1964ರ ಏಪ್ರಿಲ್ 7ರಂದು ಐಬಿಎಂ ಸಿಸ್ಟಮ್/360 ಸರಣಿಯನ್ನು ಘೋಷಿಸಿತು. ಜೀನ್ ಅಮ್ಡಾಲ್, ಗೆರಿಟ್ ಬ್ಲಾವ್, ಫ್ರೆಡ್ ಬ್ರೂಕ್ಸ್ ಇವರು ಅದರ ವಿನ್ಯಾಸದ ಹಿಂದಿದ್ದ ದೊಡ್ಡ ಹೆಸರುಗಳು. ಸಣ್ಣ ಯಂತ್ರದಿಂದ ದೊಡ್ಡ ಯಂತ್ರದವರೆಗೆ ಎಲ್ಲದಕ್ಕೂ ಒಂದೇ ಸೂಚನೆಗಳ ಪಟ್ಟಿ ಎಂಬುದು ಅವರ ಯೋಚನೆ. ಇವತ್ತು ಬರೆದ ಪ್ರೋಗ್ರಾಮ್ ನಾಳೆಯ ಯಂತ್ರದಲ್ಲೂ ಓಡಬೇಕು. ಆಗ ವಿಳಾಸಕ್ಕೆ ಬಳಕೆಯಾಗುತ್ತಿದ್ದದ್ದು 24 ಬಿಟ್ ಮಾತ್ರ, ಅಂದರೆ 16 ಮೆಗಾಬೈಟ್. 1970ರ ಸುಮಾರಿಗೆ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಗೂ ಈ ಸರಣಿಯ ಮಾಡೆಲ್ 44 ಬಂತು. ಅಲ್ಲಿ ಓಡಿದ ಎಲ್ ಮತ್ತು ಎ ಸೂಚನೆಗಳು, ಅಂದರೆ ನಾಲ್ಕು ಬೈಟ್ ಎತ್ತಿಕೊಳ್ಳುವ ಲೋಡ್ ಮತ್ತು ನಾಲ್ಕು ಬೈಟ್ ಕೂಡಿಸುವ ಆ್ಯಡ್, ಈಗಿನ ಯಂತ್ರದಲ್ಲೂ ಅದೇ ಸಂಕೇತ ಸಂಖ್ಯೆಯಲ್ಲಿ ಇವೆ. ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಮಾನದ ಅಂಕಿಗಳಲ್ಲಿ, ಎಲ್‌ಗೆ 58, ಎಗೆ 5ಎ. ಅವು ಒಂದಿಷ್ಟೂ ಬದಲಾಗಿಲ್ಲ.

1983ರಲ್ಲಿ ವಿಳಾಸ 31 ಬಿಟ್‌ಗೆ ಬೆಳೆಯಿತು. 2000ದ ಕೊನೆಗೆ ಝಡ್900 ಯಂತ್ರದ ಜೊತೆ 64 ಬಿಟ್ ಬಂತು. ಹದಿನಾರು ರಿಜಿಸ್ಟರ್‌ಗಳು ಹದಿನಾರೇ ಉಳಿದವು. ಪ್ರತಿಯೊಂದೂ ಎಡಕ್ಕೆ ಇನ್ನೊಂದು 32 ಬಿಟ್ ಹಿಗ್ಗಿತು. ಐಬಿಎಂ ಬಿಟ್‌ಗಳನ್ನು ಎಡದಿಂದ ಎಣಿಸುತ್ತದೆ, ಸೊನ್ನೆಯಿಂದ ಶುರು. ಹಾಗಾಗಿ ಎಡಕ್ಕೆ ಹಿಗ್ಗಿದಾಗ ಹಳೆಯ ಬಿಟ್‌ಗಳ ಸಂಖ್ಯೆಯೇ ಬದಲಾಯಿತು. ಸಂಖ್ಯೆ ಧನವೋ ಋಣವೋ ಅಂತ ಹೇಳುವ ಚಿಹ್ನೆಯ ಬಿಟ್ ಮೊದಲು ಸೊನ್ನೆಯ ಬಿಟ್ ಆಗಿತ್ತು, ಈಗ 32ನೆಯದು. ಕೊನೆಯ ಬಿಟ್ 31ರ ಬದಲು 63. 'ಪ್ರಿನ್ಸಿಪಲ್ಸ್ ಆಫ್ ಆಪರೇಷನ್' ಕೈಪಿಡಿಯಲ್ಲಿ ಹಳೆಯ ಸೂಚನೆಗಳ ವಿವರಣೆ ಓದಿದರೆ '32ರಿಂದ 63ರವರೆಗಿನ ಬಿಟ್' ಎಂಬ ಮಾತು ಎಲ್ಲೆಲ್ಲೂ ಸಿಗುತ್ತದೆ. ಮೊದಲ ಸಲ ಓದುವವರಿಗೆ ಇದು ಕಿರಿಕಿರಿ. ಆದರೆ ಅದು ಹೇಳುತ್ತಿರುವ ವಿಷಯ ದೊಡ್ಡದು. ಹಳೆಯ ಸೂಚನೆಗಳು ಬಲ ಅರ್ಧವನ್ನು ಮಾತ್ರ ಮುಟ್ಟುತ್ತವೆ. ಎಡ ಅರ್ಧ ಮೊದಲು ಹೇಗಿತ್ತೋ ಹಾಗೇ ಇರುತ್ತದೆ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿರುವ ಇಂಟೆಲ್ ಅಥವಾ ಎಎಂಡಿ ಚಿಪ್ ಹೀಗೆ ಮಾಡುವುದಿಲ್ಲ. ಅಲ್ಲಿ 64 ಬಿಟ್ ಮೋಡ್‌ನಲ್ಲಿ ಒಂದು 32 ಬಿಟ್ ಲೆಕ್ಕ ಮಾಡಿದರೆ ರಿಜಿಸ್ಟರ್‌ನ ಮೇಲಿನ ಅರ್ಧ ತಾನಾಗಿ ಸೊನ್ನೆಯಾಗುತ್ತದೆ. ಅದು ಅನುಕೂಲ, ನಿಜ. ಹಾಗಾದರೆ ಐಬಿಎಂ ಯಾಕೆ ಅದೇ ದಾರಿ ಹಿಡಿಯಲಿಲ್ಲ? ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾಗುವ ಭಾಗ ಇದೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೇನ್‌ಫ್ರೇಮ್‌ನಲ್ಲಿ ಒಂದು ಪ್ರೋಗ್ರಾಮ್ ಇನ್ನೊಂದನ್ನು ಕರೆಯುವಾಗ ಕರೆಸಿಕೊಂಡ ಪ್ರೋಗ್ರಾಮ್ ಮೊದಲು ಮಾಡುವ ಕೆಲಸ, ಕರೆದವರ ರಿಜಿಸ್ಟರ್‌ಗಳನ್ನು ಜೋಪಾನವಾಗಿ ಎತ್ತಿಡುವುದು. ಅದಕ್ಕೆ 72 ಬೈಟ್‌ನ ಸೇವ್ ಏರಿಯಾ. ಎಸ್‌ಟಿಎಂ ಎಂಬ ಒಂದೇ ಸೂಚನೆ 14ರಿಂದ ಸುತ್ತಿಕೊಂಡು 12ರವರೆಗಿನ ರಿಜಿಸ್ಟರ್‌ಗಳನ್ನು ಅಲ್ಲಿ ಬರೆಯುತ್ತದೆ. ಪ್ರತಿಯೊಂದಕ್ಕೂ ನಾಲ್ಕೇ ಬೈಟ್ ಜಾಗ. ಎಡ ಅರ್ಧಕ್ಕೆ ಅಲ್ಲಿ ಜಾಗವೇ ಇಲ್ಲ. ಈ ಯಂತ್ರಗಳ ಆಪರೇಟಿಂಗ್ ಸಿಸ್ಟಮ್ ಆದ ಝಡ್/ಓಎಸ್‌ನಲ್ಲಿ 24, 31, 64 ಬಿಟ್ ವಿಳಾಸದ ಪ್ರೋಗ್ರಾಮ್‌ಗಳು ಒಂದೇ ಅಡ್ರೆಸ್ ಸ್ಪೇಸ್‌ನಲ್ಲಿ, ಅಂದರೆ ಒಂದೇ ಮೆಮೊರಿ ವಿಳಾಸಗಳ ವ್ಯಾಪ್ತಿಯಲ್ಲಿ, ಇರುತ್ತವೆ, ಒಂದನ್ನೊಂದು ಕರೆಯುತ್ತವೆ. ಈಗ ಯೋಚಿಸಿ. ಹೊಸದಾಗಿ ಬರೆದ ಪ್ರೋಗ್ರಾಮ್ ಒಂದು ತನ್ನ ಏಳನೇ ರಿಜಿಸ್ಟರ್‌ನಲ್ಲಿ ಪೂರ್ತಿ 64 ಬಿಟ್‌ನ ವಿಳಾಸ ಇಟ್ಟುಕೊಂಡಿದೆ. ಅದು ಎಪ್ಪತ್ತರ ದಶಕದಲ್ಲಿ ಯಾರೋ ಬರೆದ ಬಡ್ಡಿ ಲೆಕ್ಕದ ಸಬ್‌ರೂಟೀನ್ ಅನ್ನು ಕರೆಯುತ್ತದೆ. ಆ ಹಳೆಯ ಕೋಡ್ ತನಗೆ ತಿಳಿದಂತೆ ಬಲ ಅರ್ಧಗಳನ್ನು ಎತ್ತಿಟ್ಟು, ತನ್ನ ಲೆಕ್ಕ ಮುಗಿಸಿ, ಬಲ ಅರ್ಧಗಳನ್ನು ವಾಪಸ್ ತುಂಬಿ ಹೊರಡುತ್ತದೆ. ಅದರ ಒಂದೊಂದು ಎಲ್, ಒಂದೊಂದು ಎ ಕೂಡ ಎಡ ಅರ್ಧವನ್ನು ಸೊನ್ನೆ ಮಾಡುತ್ತಿದ್ದರೆ ಕರೆದವರ ವಿಳಾಸ ಹಾಳಾಗಿ ಹೋಗುತ್ತಿತ್ತು. ಲಕ್ಷಾಂತರ ಹಳೆಯ ಪ್ರೋಗ್ರಾಮ್‌ಗಳನ್ನು ತೆರೆದು ತಿದ್ದಬೇಕಾಗುತ್ತಿತ್ತು. ಎಷ್ಟೋ ಪ್ರೋಗ್ರಾಮ್‌ಗಳ ಮೂಲ ಕೋಡೇ ಈಗ ಯಾರ ಹತ್ತಿರವೂ ಇಲ್ಲ.

ಈಗ ಆ ಹಳೆಯ ಕೋಡ್‌ಗೆ ಎಡ ಅರ್ಧ ಇದೆ ಎಂಬುದೇ ಗೊತ್ತಿಲ್ಲ. ಆದರೂ ಅದು ಕರೆದವರ ಎಡ ಅರ್ಧವನ್ನು ಹಾಗೇ ಕಾಪಾಡಿ ಕೊಡುತ್ತದೆ. ಇದು ನನಗೆ ಈಗಲೂ ಬೆರಗು ಹುಟ್ಟಿಸುವ ಸಂಗತಿ. ಹೊಸ ಕೋಡ್ ಎಡ ಅರ್ಧವನ್ನು ಬಳಸಿದರೆ ಎತ್ತಿಡುವ ಜವಾಬ್ದಾರಿಯೂ ಅದರದ್ದೇ. ಅದಕ್ಕಾಗಿ 144 ಬೈಟ್‌ನ ಹೊಸ ಸೇವ್ ಏರಿಯಾ ಬಂತು, ಪೂರ್ತಿ 64 ಬಿಟ್ ಎತ್ತಿಡುವ ಎಸ್‌ಟಿಎಂಜಿ ಬಂತು. ಬಳಸುವವನು ಹೊರೆ ಹೊರುತ್ತಾನೆ, ಬಳಸದವನಿಗೆ ಏನೂ ಇಲ್ಲ. ನ್ಯಾಯವಾದ ಹಂಚಿಕೆ.

ಆದರೆ ಇದಕ್ಕೆ ಬೆಲೆ ಇದೆ. ಎಡ ಅರ್ಧ ತಾನಾಗಿ ಶುದ್ಧವಾಗುವುದಿಲ್ಲ. 64 ಬಿಟ್ ಮೋಡ್‌ನಲ್ಲಿ, ಅಂದರೆ ವಿಳಾಸಕ್ಕೆ ಪೂರ್ತಿ 64 ಬಿಟ್ ಬಳಸುವಾಗ, ನಾಲ್ಕು ಬೈಟ್‌ನ ಒಂದು ವಿಷಯವನ್ನು ಎತ್ತಿಕೊಳ್ಳುವಾಗ ಆ ಎಡ ಅರ್ಧದಲ್ಲಿ ಏನು ತುಂಬಬೇಕು ಅಂತ ನೀವೇ ಹೇಳಬೇಕು. ಹೇಳಲು ಮೂರು ಸೂಚನೆಗಳಿವೆ. ಎಲ್‌ಜಿಎಫ್, ಎಲ್‌ಎಲ್‌ಜಿಎಫ್, ಎಲ್‌ಎಲ್‌ಜಿಟಿ. ಮೊದಲ ನೋಟಕ್ಕೆ ಮೂರೂ ಒಂದೇ ಥರ ಕಾಣುತ್ತವೆ, ಅಲ್ವಾ? ಒಂದೇ ನಾಲ್ಕು ಬೈಟ್ ಕೊಟ್ಟು ನೋಡೋಣ. ಹೆಕ್ಸ್‌ನಲ್ಲಿ 80001000.

ಎಲ್‌ಜಿಎಫ್ ಇದನ್ನು ಚಿಹ್ನೆ ಇರುವ ಸಂಖ್ಯೆ ಅಂತ ಓದುತ್ತದೆ. ಮೊದಲ ಬಿಟ್ ಒಂದು, ಹಾಗಾಗಿ ಋಣ ಸಂಖ್ಯೆ. ಆ ಒಂದನ್ನೇ ಎಡ ಅರ್ಧದ ತುಂಬ ಹರಡುತ್ತದೆ. ಎಡದಲ್ಲಿ ಎಂಟು ಎಫ್‌ಗಳು, ಬಲದಲ್ಲಿ 80001000. ಬೆಲೆ -2147479552. ಎಲ್‌ಎಲ್‌ಜಿಎಫ್ ಇದನ್ನು ಚಿಹ್ನೆ ಇಲ್ಲದ ಸಂಖ್ಯೆ ಅಂತ ಓದುತ್ತದೆ. ಎಡ ಅರ್ಧ ಪೂರ್ತಿ ಸೊನ್ನೆ. ಬೆಲೆ 2147487744. ಎಲ್‌ಎಲ್‌ಜಿಟಿ ಇದನ್ನು 31 ಬಿಟ್ ವಿಳಾಸ ಅಂತ ಓದುತ್ತದೆ. ಎಡ ಅರ್ಧದ ಜೊತೆಗೆ ಬಲ ಅರ್ಧದ ಮೊದಲ ಬಿಟ್ಟನ್ನೂ ಸೊನ್ನೆ ಮಾಡುತ್ತದೆ. ಉಳಿಯುವುದು 1000, ಅಂದರೆ ನಮ್ಮ ಲೆಕ್ಕದಲ್ಲಿ 4096.

ಅದೇ ನಾಲ್ಕು ಬೈಟ್, ಬೆಲೆ ಮಾತ್ರ ಮೂರು. ಯಾವುದು ಸರಿ ಎಂಬುದು ಆ ಬೈಟ್‌ಗಳನ್ನು ನೋಡಿದರೆ ತಿಳಿಯುವುದಿಲ್ಲ. ಬರೆದವರ ಮನಸ್ಸಿನಲ್ಲಿ ಅದು ಸಾಲದ ಬಾಕಿಯಾ, ಫೈಲ್‌ನ ಉದ್ದವಾ, ಒಂದು ಕಂಟ್ರೋಲ್ ಬ್ಲಾಕ್‌ನ ವಿಳಾಸವಾ ಎಂಬುದರ ಮೇಲೆ ಅದು ನಿಂತಿದೆ. 32 ಬಿಟ್ ಕಾಲದಲ್ಲಿ ಈ ಪ್ರಶ್ನೆ ಲೋಡ್ ಮಾಡುವಾಗ ಏಳುತ್ತಲೇ ಇರಲಿಲ್ಲ. ಎಲ್ ಒಂದೇ ಸಾಕಿತ್ತು. ಸುಮ್ನೆ ಎತ್ತಿಕೊಂಡು, ಅರ್ಥ ಆಮೇಲೆ ನೋಡಿಕೊಳ್ಳಬಹುದಿತ್ತು.

ಮೂರನೆಯದು ಯಾಕೆ ಬೇಕಾಯಿತು ಎಂಬುದಕ್ಕೂ ಒಂದು ಹಿನ್ನೆಲೆ ಇದೆ. 24 ಬಿಟ್ ವಿಳಾಸದ ಕಾಲದಲ್ಲಿ ನಾಲ್ಕು ಬೈಟ್‌ನ ಪದದಲ್ಲಿ ಒಂದು ಬೈಟ್ ಖಾಲಿ ಉಳಿಯುತ್ತಿತ್ತು. ಮೆಮೊರಿ ದುಬಾರಿ. ಜನ ಆ ಬೈಟ್‌ನಲ್ಲಿ ಫ್ಲ್ಯಾಗ್ ಇಟ್ಟರು. ಪ್ಯಾರಾಮೀಟರ್ ಪಟ್ಟಿಯ ಕೊನೆಯ ವಿಳಾಸ ಇದು ಅಂತ ತಿಳಿಸಲು ಮೊದಲ ಬಿಟ್ಟನ್ನು ಒಂದು ಮಾಡುವ ಪದ್ಧತಿ ಬೆಳೆಯಿತು. 1983ರಲ್ಲಿ ವಿಳಾಸ ಬೆಳೆದಾಗ 32ರ ಬದಲು 31ಕ್ಕೆ ನಿಂತದ್ದರಲ್ಲಿ ಈ ಬಿಟ್‌ನ ಪಾತ್ರ ದೊಡ್ಡದು. ಆ ಬಿಟ್ ಇವತ್ತಿಗೂ ಇದೆ. ಕೊನೆಯ ಪ್ಯಾರಾಮೀಟರ್‌ನ ವಿಳಾಸವನ್ನು ಎಲ್‌ಎಲ್‌ಜಿಎಫ್‌ನಿಂದ ಎತ್ತಿಕೊಂಡರೆ ನೀವು 2 ಗಿಗಾಬೈಟ್ ದಾಟಿದ ಜಾಗಕ್ಕೆ ಹೋಗಿ ಬೀಳುತ್ತೀರಿ. ಝಡ್/ಓಎಸ್‌ನಲ್ಲಿ 2 ಗಿಗಾಬೈಟ್ ಗಡಿಗೆ ಬಾರ್ ಅನ್ನುತ್ತಾರೆ, 16 ಮೆಗಾಬೈಟ್ ಗಡಿಗೆ ಲೈನ್. ಬಾರ್‌ನಿಂದ 4 ಗಿಗಾಬೈಟ್‌ವರೆಗಿನ ಜಾಗವನ್ನು ಸಾಮಾನ್ಯ ಪ್ರೋಗ್ರಾಮ್‌ಗಳಿಗೆ ಕೊಡುವುದೇ ಇಲ್ಲ. ಮೊದಲ ಬಿಟ್ ತೆಗೆಯದ ವಿಳಾಸಗಳೆಲ್ಲ ಬಂದು ಬೀಳುವುದು ಸರಿಯಾಗಿ ಅಲ್ಲೇ. ಬೇರೆ ಯಾರದ್ದೋ ಡೇಟಾ ಮೇಲೆ ಬರೆಯುವ ಬದಲು ಪ್ರೋಗ್ರಾಮ್ ಅಲ್ಲೇ ಎಸ್0ಸಿ4, ಅಂದರೆ ತನಗೆ ಸಿಗದ ಮೆಮೊರಿ ಮುಟ್ಟಿದ ದೋಷ, ಕೊಟ್ಟು ನಿಲ್ಲುತ್ತದೆ. ಅದು ಒಳ್ಳೆಯದೇ.

ಇನ್ನು ಕೂಡುವ, ಕಳೆಯುವ ಸೂಚನೆಗಳು. ಎಜಿ ಮೆಮೊರಿಯ ಎಂಟು ಬೈಟ್ ಕೂಡಿಸುತ್ತದೆ. ಎಜಿಎಫ್ ಮೆಮೊರಿಯ ನಾಲ್ಕು ಬೈಟ್ ಎತ್ತಿ, ದಾರಿಯಲ್ಲೇ ಚಿಹ್ನೆ ಹರಡಿ, 64 ಬಿಟ್‌ಗೆ ಕೂಡಿಸುತ್ತದೆ. ಎಎಲ್‌ಜಿಎಫ್ ಸೊನ್ನೆ ತುಂಬಿ ಕೂಡಿಸುತ್ತದೆ. ಸಂಕೇತಗಳ ಜೋಡಣೆಯೂ ಚೆನ್ನಾಗಿದೆ. ಮೆಮೊರಿಯಿಂದ ಬರುವ ಈ ಸೂಚನೆಗಳೆಲ್ಲ ಇ3ಯಿಂದ ಶುರು, ಆರು ಬೈಟ್ ಉದ್ದ, ಕೊನೆಯ ಬೈಟ್ ಕೆಲಸ ಹೇಳುತ್ತದೆ. ಎಂಟು ಬೈಟ್ ಎತ್ತಿಕೊಳ್ಳುವ ಎಲ್‌ಜಿಗೆ 04, ಎಲ್‌ಜಿಎಫ್‌ಗೆ 14. ಎಜಿಗೆ 08, ಎಜಿಎಫ್‌ಗೆ 18. ಕಳೆಯುವ ಎಸ್‌ಜಿಗೆ 09, ಎಸ್‌ಜಿಎಫ್‌ಗೆ 19. ಎಎಲ್‌ಜಿಗೆ 0ಎ, ಎಎಲ್‌ಜಿಎಫ್‌ಗೆ 1ಎ. ಮೊದಲ ಅಂಕಿ ಸೊನ್ನೆಯಾದರೆ ಮೆಮೊರಿಯಲ್ಲಿ ಎಂಟು ಬೈಟ್, ಒಂದಾದರೆ ನಾಲ್ಕು. ಡಂಪ್‌ನಲ್ಲಿ ಕೋಡ್ ಓದುವಾಗ ಇದು ಗೊತ್ತಿದ್ದರೆ ಪುಸ್ತಕ ತೆರೆಯುವ ಅಗತ್ಯವೇ ಬರುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಹಳೆಯ ಎ ಮತ್ತು ಎಎಲ್, ಅಂದರೆ ಚಿಹ್ನೆ ಇರುವ ಕೂಡಿಕೆ ಮತ್ತು ಚಿಹ್ನೆ ಇಲ್ಲದ ಕೂಡಿಕೆ, ಎರಡೂ ಕೊಡುವ ಬಿಟ್‌ಗಳು ಒಂದೇ. ವ್ಯತ್ಯಾಸ ಕಂಡಿಷನ್ ಕೋಡ್‌ನಲ್ಲಿ, ಅಂದರೆ ಲೆಕ್ಕ ಹೇಗೆ ಮುಗಿಯಿತು ಅಂತ ಯಂತ್ರ ಬರೆದಿಡುವ 0ರಿಂದ 3ರವರೆಗಿನ ಗುರುತಿನಲ್ಲಿ, ಮಾತ್ರ. ಎ ಓವರ್‌ಫ್ಲೋ ಆಯಿತಾ, ಅಂದರೆ ಉತ್ತರ ಹಿಡಿಸದೆ ಹೋಯಿತಾ ಅಂತ ಹೇಳುತ್ತದೆ, ಎಎಲ್ ಕ್ಯಾರಿ ಬಂತಾ, ಅಂದರೆ ಎಡ ತುದಿಯಿಂದ ಒಂದು ಹೊರಬಿತ್ತಾ ಅಂತ ಹೇಳುತ್ತದೆ. ಹಾಗಾಗಿ ಹಳಬರು ಒಂದರ ಬದಲು ಇನ್ನೊಂದನ್ನು ಸಲೀಸಾಗಿ ಬಳಸುತ್ತಿದ್ದರು. ಓವರ್‌ಫ್ಲೋ ಇಂಟರಪ್ಟ್ ತಪ್ಪಿಸಲು ಎಎಲ್ ಹಾಕಿದ ಕೋಡ್ ಬೇಕಾದಷ್ಟಿದೆ. ಅಗಲ ಬೇರೆ ಬೇರೆಯಾದ ಕೂಡಲೇ ಈ ಸಮಾನತೆ ಹೋಯಿತು. ಎಜಿಎಫ್ ಮತ್ತು ಎಎಲ್‌ಜಿಎಫ್ ಕೊಡುವ ಬಿಟ್‌ಗಳೇ ಬೇರೆ. ಹಳೆಯ ಎಎಲ್ ಇದ್ದಲ್ಲೆಲ್ಲ ಕಣ್ಣು ಮುಚ್ಚಿ ಎಎಲ್‌ಜಿಎಫ್ ಹಾಕಿದರೆ, ಮೆಮೊರಿಯಲ್ಲಿ -5 ಇದ್ದ ದಿನ 4294967291 ಕೂಡಿಕೊಳ್ಳುತ್ತದೆ.

64 ಬಿಟ್ ಬಂದದ್ದರಿಂದ ನಿಜವಾಗಿ ಹಗುರವಾದ ಕೆಲಸ ಅಂದರೆ ಸಮಯದ ಲೆಕ್ಕ. ಮೇನ್‌ಫ್ರೇಮ್‌ನ ಟಿಓಡಿ (ಟೈಮ್ ಆಫ್ ಡೇ) ಗಡಿಯಾರ 1970ರ ಸಿಸ್ಟಮ್/370ರ ಕಾಲದಿಂದಲೂ 64 ಬಿಟ್. ರಿಜಿಸ್ಟರ್‌ಗಳು 64 ಬಿಟ್ ಆಗುವ 30 ವರ್ಷ ಮೊದಲೇ. ಅದು 1900ರ ಜನವರಿ 1ರಿಂದ ಎಣಿಸುತ್ತದೆ. 51ನೇ ಬಿಟ್ ಒಂದು ಮೈಕ್ರೋಸೆಕೆಂಡ್. ಎಡದ ನಾಲ್ಕು ಬೈಟ್ ಮಾತ್ರ ನೋಡಿದರೆ ಅದರ ಕೊನೆಯ ಬಿಟ್ 1.048576 ಸೆಕೆಂಡಿಗೆ ಒಂದು ಸಲ ಏರುತ್ತದೆ. 2042ರ ಸೆಪ್ಟೆಂಬರ್ 17ರಂದು ಈ ಗಡಿಯಾರ ಪೂರ್ತಿ ತುಂಬಿ ಸೊನ್ನೆಗೆ ಮರಳುತ್ತದೆ. ಅದಕ್ಕಾಗಿ ಗಡಿಯಾರವನ್ನು 16 ಬೈಟ್‌ನಲ್ಲಿ ಬರೆದುಕೊಡುವ ಎಸ್‌ಟಿಸಿಕೆಇ ಸೂಚನೆ ಈಗಾಗಲೇ ಇದೆ.

ಎರಡು ಸಮಯಗಳ ನಡುವಿನ ಅಂತರ ಬೇಕು ಅಂದುಕೊಳ್ಳಿ. 32 ಬಿಟ್ ರಿಜಿಸ್ಟರ್‌ಗಳಲ್ಲಿ ಅದನ್ನು ಎರಡು ತುಂಡು ಮಾಡಿ ಕಳೆಯಬೇಕಿತ್ತು. ಎಲ್‌ಎಂನಿಂದ ಮುಗಿದ ಸಮಯವನ್ನು 4 ಮತ್ತು 5ನೇ ರಿಜಿಸ್ಟರ್‌ಗೆ ಎತ್ತಿಕೊಳ್ಳುವುದು. ಎಸ್‌ಎಲ್‌ನಿಂದ 5ರಲ್ಲಿ ಬಲದ ತುಂಡು ಕಳೆಯುವುದು. ಶಾಲೆಯಲ್ಲಿ ಬಿಡಿ ಸ್ಥಾನದಲ್ಲಿ ಸಾಲದಾಗ ದಶಕದಿಂದ ಎರವಲು ತರುತ್ತಿದ್ದೆವಲ್ಲ, ಅದೇ ಇಲ್ಲೂ. ಎರವಲು ಬೇಕಾಗದಿದ್ದರೆ ಕಂಡಿಷನ್ ಕೋಡ್ 2 ಅಥವಾ 3. ಆಗ ಬಿಸಿ 3 ಎಂಬ ಜಿಗಿತದಿಂದ ಒಂದು ಸಾಲು ದಾಟಬೇಕು. ಬೇಕಾದರೆ ಬಿಸಿಟಿಆರ್ 4,0 ಹಾಕಿ ಎಡದ ತುಂಡಿನಿಂದ ಒಂದು ಇಳಿಸಬೇಕು. ಆಮೇಲೆ ಎಡದ ತುಂಡು ಕಳೆಯಬೇಕು. ಕೊನೆಗೆ ಎಸ್‌ಆರ್‌ಡಿಎಲ್‌ನಿಂದ ಜೋಡಿಯನ್ನು 12 ಬಿಟ್ ಬಲಕ್ಕೆ ಸರಿಸಿದರೆ ಮೈಕ್ರೋಸೆಕೆಂಡ್. ಆರು ಸೂಚನೆ, ಮಧ್ಯೆ ಒಂದು ಜಿಗಿತ.

ಈಗ ಎಲ್‌ಜಿ, ಎಸ್‌ಎಲ್‌ಜಿ, ಎಸ್‌ಆರ್‌ಎಲ್‌ಜಿ. ಮೂರು ಸಾಲು. ಜಿಗಿತ ಇಲ್ಲ. ಎತ್ತಿಕೋ, ಕಳೆ, 12 ಬಿಟ್ ಸರಿಸು.

64ಕ್ಕಿಂತ ದೊಡ್ಡ ಲೆಕ್ಕಕ್ಕೂ ಜಿಗಿತ ಬೇಕಾಗಿಲ್ಲ. ಎಎಲ್‌ಸಿಜಿ ಹಿಂದಿನ ಕ್ಯಾರಿಯನ್ನೂ ಸೇರಿಸಿ ಕೂಡಿಸುತ್ತದೆ, ಎಸ್‌ಎಲ್‌ಬಿಜಿ ಹಿಂದಿನ ಎರವಲನ್ನೂ ಸೇರಿಸಿ ಕಳೆಯುತ್ತದೆ. 1964ರಿಂದ ಈ ಥರದ ಸೂಚನೆ ಇಲ್ಲದೆ ಜನ ಹೇಗೋ ನಡೆಸಿದ್ದರು. ಝಡ್900 ಜೊತೆ ಅವು ಬಂದವು. ಎರಡು ಕೂಡಿಕೆಗಳ ಮಧ್ಯೆ ಕಂಡಿಷನ್ ಕೋಡ್ ಕೆಡಿಸುವ ಸೂಚನೆ ಇರಬಾರದು, ಅಷ್ಟು ಎಚ್ಚರ ಸಾಕು. ಎಲ್‌ಜಿ, ವಿಳಾಸ ಲೆಕ್ಕದ ಎಲ್‌ಎ ಹಾಕಬಹುದು. ಸಣ್ಣ ಸಂಖ್ಯೆ ಕೂಡಿಸುವ ಎಜಿಎಚ್‌ಐ ಹಾಕಿದರೆ ಕ್ಯಾರಿ ಹೋಯಿತು.

ಈ ಸಮಯದ ಲೆಕ್ಕವೇ ಒಂದು ಕಡೆ ಎಲ್ಲರನ್ನೂ ಕಾಡಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಒಂದು ಬ್ಯಾಚ್ ಜಾಬ್ ವರ್ಷಗಟ್ಟಲೆ ಚೆನ್ನಾಗಿ ಓಡುತ್ತಿತ್ತು. ತಿಂಗಳ ಕೊನೆಯಲ್ಲಿ ಮಾತ್ರ ಕೆಲವು ಸಲ ಎಸ್0ಸಿ4 ಕೊಟ್ಟು ಬೀಳುತ್ತಿತ್ತು. ಎಲ್ಲ ತಿಂಗಳೂ ಅಲ್ಲ. ಡೇಟಾ ಮೇಲೆ ಅನುಮಾನ ಬಂತು, ಅದರಲ್ಲಿ ಏನೂ ಸಿಗಲಿಲ್ಲ. ಮತ್ತೆ ಓಡಿಸಿದರೆ ಒಮ್ಮೊಮ್ಮೆ ಸರಿಹೋಗುತ್ತಿತ್ತು. ಡಂಪ್‌ನಲ್ಲಿ 5ನೇ ರಿಜಿಸ್ಟರ್ ನೋಡಿದಾಗ ಬಲ ಅರ್ಧದಲ್ಲಿ ಸರಿಯಾದ ವಿಳಾಸವೇ ಇತ್ತು. ಎಡ ಅರ್ಧದಲ್ಲಿ 00000001.

ಆ ಒಂದು ಎಲ್ಲಿಂದ ಬಂತು? ಅದಕ್ಕಿಂತ ಸ್ವಲ್ಪ ಮೊದಲು ಓಡಿದ ರೂಟೀನ್, ಜಾಬ್ ಶುರುವಾಗಿ ಎಷ್ಟು ಹೊತ್ತಾಯಿತು ಅಂತ ಮೈಕ್ರೋಸೆಕೆಂಡ್‌ನಲ್ಲಿ ಲೆಕ್ಕ ಹಾಕಿ 5ರಲ್ಲೇ ಬಿಟ್ಟಿತ್ತು. ಮೇಲೆ ಹೇಳಿದ ಅದೇ ಮೂರು ಸಾಲು. 32 ಬಿಟ್‌ನಲ್ಲಿ ಹಿಡಿಸುವ ಮೈಕ್ರೋಸೆಕೆಂಡ್‌ಗಳು 4294967296ಕ್ಕಿಂತ ಕಡಿಮೆ. ಅಂದರೆ ಸುಮಾರು 71 ನಿಮಿಷ 35 ಸೆಕೆಂಡ್. ಅಷ್ಟರೊಳಗೆ ಜಾಬ್ ಈ ಜಾಗ ದಾಟಿದರೆ ಎಡ ಅರ್ಧ ಸೊನ್ನೆ. ದಾಟದಿದ್ದರೆ ಎಡದಲ್ಲಿ ಒಂದು. ಮುಂದಿನ ರೂಟೀನ್ ಅದೇ 5ಕ್ಕೆ ಬರಿಯ ಎಲ್‌ನಿಂದ ನಾಲ್ಕು ಬೈಟ್ ವಿಳಾಸ ಎತ್ತಿಕೊಂಡು, 64 ಬಿಟ್ ಮೋಡ್‌ನಲ್ಲಿ ಅದನ್ನು ಬೇಸ್ ಆಗಿ, ಅಂದರೆ ಮೆಮೊರಿ ತಲುಪುವ ಮೂಲ ವಿಳಾಸವಾಗಿ, ಬಳಸುತ್ತಿತ್ತು. ತಿಂಗಳ ಕೊನೆಯಲ್ಲಿ ವಹಿವಾಟು ಜಾಸ್ತಿ, ಯಂತ್ರದ ಮೇಲೆ ಹೊರೆ ಜಾಸ್ತಿ, ಹಾಗಾಗಿ ಕೆಲವು ಸಲ 71 ನಿಮಿಷ ದಾಟುತ್ತಿತ್ತು. ವಿಳಾಸಕ್ಕೆ 4 ಗಿಗಾಬೈಟ್ ಸೇರಿಕೊಳ್ಳುತ್ತಿತ್ತು. ಅಲ್ಲಿ ಮೆಮೊರಿ ಇರಲಿಲ್ಲ.

ಎರಡು ರೂಟೀನ್‌ಗಳನ್ನೂ ಬೇರೆ ಬೇರೆ ಓದಿದರೆ ಯಾವ ಸಾಲೂ ಕಣ್ಣಿಗೆ ಚುಚ್ಚುವುದಿಲ್ಲ. ಸಮಯದ ರೂಟೀನ್ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಎರಡನೆಯದು 31 ಬಿಟ್ ಕಾಲದ ಕೋಡ್, ಮೋಡ್ ಬದಲಾದಾಗ ಎಲ್ ಹಾಗೇ ಉಳಿದಿತ್ತು. ಎಲ್ ತೆಗೆದು ಎಲ್‌ಎಲ್‌ಜಿಟಿ ಹಾಕಿದರು. ನಾಲ್ಕು ಬೈಟ್‌ನ ಸೂಚನೆ ಆರು ಬೈಟ್ ಆಯಿತು. ಆಮೇಲೆ ಆ ಜಾಬ್ ಆ ಕಾರಣಕ್ಕೆ ಬೀಳಲಿಲ್ಲ.

ಎಲ್ ಒಂದೇ ಅಲ್ಲ, ಇನ್ನೂ ಕೆಲವು ಸಾಲುಗಳು ಹೀಗೇ ಸದ್ದಿಲ್ಲದೆ ಉಳಿದುಬಿಡುತ್ತವೆ. ಎಲ್‌ಟಿಆರ್ ಬಲ ಅರ್ಧವನ್ನು ಮಾತ್ರ ಪರೀಕ್ಷಿಸುತ್ತದೆ. ರಿಜಿಸ್ಟರ್‌ನಲ್ಲಿ ಸರಿಯಾಗಿ 4294967296 ಇದ್ದರೆ 'ಸೊನ್ನೆ' ಅನ್ನುತ್ತದೆ. ಅಲ್ಲಿ ಬೇಕಾದದ್ದು ಎಲ್‌ಟಿಜಿಆರ್. ಲೂಪ್ ಎಣಿಸುವ ಬಿಸಿಟಿ ಬದಲು ಬಿಸಿಟಿಜಿ. ಎಲ್ಲಕ್ಕಿಂತ ಹೆಚ್ಚು ನಾನು ಕಣ್ಣಿಡುವುದು ಎಲ್‌ಎ ಮೇಲೆ. ಅದು ವಿಳಾಸ ಲೆಕ್ಕ ಹಾಕುವ ಸೂಚನೆ. ಆದರೆ ರಿಜಿಸ್ಟರ್‌ಗೆ ಒಂದು ಕೂಡಿಸಲು ಅದನ್ನೇ ಬಳಸುವ ಅಭ್ಯಾಸ ತುಂಬ ಹಳೆಯದು. 24 ಬಿಟ್ ಮೋಡ್‌ನಲ್ಲಿ ಅದು 24 ಬಿಟ್‌ನ ಉತ್ತರ ಕೊಡುತ್ತದೆ, 31ರಲ್ಲಿ 31. ಈ ಎರಡರಲ್ಲೂ ಎಡ ಅರ್ಧ ಮುಟ್ಟುವುದಿಲ್ಲ. 64ರಲ್ಲಿ ಮಾತ್ರ ಪೂರ್ತಿ ರಿಜಿಸ್ಟರ್ ತುಂಬುತ್ತದೆ. -5 ಇದ್ದ ರಿಜಿಸ್ಟರ್‌ಗೆ 31 ಬಿಟ್ ಮೋಡ್‌ನಲ್ಲಿ ಎಲ್‌ಎನಿಂದ ಒಂದು ಕೂಡಿಸಿದರೆ -4 ಬರುವುದಿಲ್ಲ, 2147483644 ಬರುತ್ತದೆ. ಒಂದೇ ಸಾಲು, ಮೂರು ಮೋಡ್, ಮೂರು ನಡವಳಿಕೆ. ಎಣಿಕೆಗೆ ಎಎಚ್‌ಐ ಇದೆ, ಎಜಿಎಚ್‌ಐ ಇದೆ. ಲೆಕ್ಕವನ್ನು ಲೆಕ್ಕದ ಸೂಚನೆಯಿಂದಲೇ ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಣದ ವಿಷಯ ಬೇರೆ. ಬ್ಯಾಂಕ್ ಕೋಡ್‌ನಲ್ಲಿ ಹಣ ಸಾಮಾನ್ಯವಾಗಿ ಪ್ಯಾಕ್ಡ್ ಡೆಸಿಮಲ್‌ನಲ್ಲಿ, ಅಂದರೆ ಹತ್ತರ ಮಾನದ ಅಂಕಿಗಳನ್ನೇ ಇಡುವ ರೂಪದಲ್ಲಿ, ಇರುತ್ತದೆ. ಒಳ್ಳೆಯದಾಯಿತು. 32 ಬಿಟ್ ಬೈನರಿಯಲ್ಲಿ ಪೈಸೆ ಲೆಕ್ಕ ಇಟ್ಟಿದ್ದರೆ 2,14,74,836 ರೂಪಾಯಿ 47 ಪೈಸೆಗೆ ಮುಗಿಯುತ್ತಿತ್ತು. ಈಗ ಬೆಂಗಳೂರಿನಲ್ಲಿ ಎಷ್ಟೋ ಮನೆಗಳ ಬೆಲೆ ಅದಕ್ಕಿಂತ ಜಾಸ್ತಿ.

ಗುಣಾಕಾರ, ಭಾಗಾಕಾರದಲ್ಲಿ ಭಾಗಾಕಾರದ ಸುಧಾರಣೆ ನನಗೆ ಹೆಚ್ಚು ಇಷ್ಟ. ಹಳೆಯ ಡಿ ಸೂಚನೆಗೆ ಸಮ-ಬೆಸ ರಿಜಿಸ್ಟರ್ ಜೋಡಿ ಬೇಕು. ಸಂಖ್ಯೆಯನ್ನು ಸಮ ರಿಜಿಸ್ಟರ್‌ಗೆ ಎತ್ತಿ, ಎಸ್‌ಆರ್‌ಡಿಎ 32 ಹಾಕಿ ಬೆಸ ರಿಜಿಸ್ಟರ್‌ಗೆ ತಳ್ಳಿ, ಚಿಹ್ನೆ ಹರಡಿ, ಆಮೇಲೆ ಭಾಗಿಸಬೇಕು. ಆ ಸರಿಸುವ ಸಾಲು ಬಿಟ್ಟುಹೋದರೆ ಭಾಗಾಕಾರದ ದೋಷವಾದ ಎಸ್0ಸಿ9, ಇಲ್ಲವೇ ಇನ್ನೂ ಕೆಟ್ಟದು, ತಪ್ಪು ಉತ್ತರ. 64 ಬಿಟ್‌ನ ಡಿಎಸ್‌ಜಿಗೆ ಈ ತಯಾರಿ ಬೇಕಿಲ್ಲ. ಭಾಜ್ಯ ಬೆಸ ರಿಜಿಸ್ಟರ್‌ನಲ್ಲಿ ಇದ್ದರೆ ಸಾಕು. ಸಮ ರಿಜಿಸ್ಟರ್‌ನಲ್ಲಿ ಮೊದಲು ಏನಿತ್ತು ಅಂತ ಅದು ನೋಡುವುದೇ ಇಲ್ಲ. ಶೇಷ ಸಮದಲ್ಲಿ ಬರುತ್ತದೆ, ಭಾಗಲಬ್ಧ ಬೆಸದಲ್ಲಿ.

ಗುಣಾಕಾರದಲ್ಲಿ ಒಂದು ಕೊರತೆ ಬಹಳ ಕಾಲ ಉಳಿದಿತ್ತು. ಎಂಎಸ್‌ಜಿ ಗುಣಿಸಿ ಬಲದ 64 ಬಿಟ್ ಮಾತ್ರ ಇಟ್ಟುಕೊಳ್ಳುತ್ತದೆ. ಉತ್ತರ ಹಿಡಿಸದೆ ಹೋದರೂ ಕಂಡಿಷನ್ ಕೋಡ್ ಅಲುಗುವುದಿಲ್ಲ. ಪೂರ್ತಿ 128 ಬಿಟ್ ಬೇಕಾದರೆ ಎಂಎಲ್‌ಜಿ ಇತ್ತು, ಆದರೆ ಅದು ಚಿಹ್ನೆ ಇಲ್ಲದ ಸಂಖ್ಯೆಗಳಿಗೆ. 2017ರ ಝಡ್14ರಲ್ಲಿ ಎಂಎಸ್‌ಜಿಸಿ, ಎಂಎಸ್‌ಜಿಆರ್‌ಕೆಸಿ ಬಂದವು. ಅವು ಓವರ್‌ಫ್ಲೋ ಆದರೆ ಹೇಳುತ್ತವೆ. ಚಿಹ್ನೆ ಇರುವ 128 ಬಿಟ್ ಗುಣಲಬ್ಧ ಕೊಡುವ ಎಂಜಿ ಕೂಡ ಆಗಲೇ ಬಂತು. ಅಷ್ಟು ತಡವಾದದ್ದು ನನಗೆ ಬೇಸರದ ವಿಷಯವೇ. ಕೂಡಿಕೆ ಓವರ್‌ಫ್ಲೋ ಹೇಳುತ್ತದೆ, ಗುಣಾಕಾರ ಹೇಳುವುದಿಲ್ಲ ಎಂಬ ಸ್ಥಿತಿ ಅಷ್ಟು ವರ್ಷ ಇರಬಾರದಿತ್ತು.

ಎಡ ಅರ್ಧವನ್ನು ಮುಟ್ಟದೆ ಬಿಟ್ಟದ್ದಕ್ಕೆ 2010ರಲ್ಲಿ ಇನ್ನೊಂದು ಫಲ ಸಿಕ್ಕಿತು. ಝಡ್196 ಯಂತ್ರದಲ್ಲಿ ಹೈ-ವರ್ಡ್ ಸೌಲಭ್ಯ ಬಂತು. ಎಡ ಅರ್ಧವನ್ನೇ ಒಂದು ಸ್ವತಂತ್ರ 32 ಬಿಟ್ ರಿಜಿಸ್ಟರ್ ಥರ ಬಳಸುವ ಸೂಚನೆಗಳು ಅವು. ಎಲ್‌ಎಫ್‌ಎಚ್ ಮೆಮೊರಿಯಿಂದ ನೇರ ಎಡ ಅರ್ಧಕ್ಕೆ ಎತ್ತಿಕೊಳ್ಳುತ್ತದೆ. ಎಐಎಚ್ ಎಡ ಅರ್ಧಕ್ಕೆ ಕೂಡಿಸುತ್ತದೆ. ಬಿಆರ್‌ಸಿಟಿಎಚ್ ಲೂಪ್‌ನ ಎಣಿಕೆಯನ್ನು ಎಡದಲ್ಲೇ ಇಡುತ್ತದೆ. ಹದಿನಾರೇ ರಿಜಿಸ್ಟರ್ ಎಂಬ ಮಿತಿಯಲ್ಲಿ ಒದ್ದಾಡುತ್ತಿದ್ದ 31 ಬಿಟ್ ಕೋಡ್‌ಗೆ ಇನ್ನೂ ಹದಿನಾರು ಅರ್ಧಗಳು ಸಿಕ್ಕಿದವು. ಹಳೆಯ ಸೂಚನೆಗಳು ಎಡವನ್ನು ಸೊನ್ನೆ ಮಾಡುತ್ತಿದ್ದರೆ ಇದು ಸಾಧ್ಯವೇ ಇರಲಿಲ್ಲ. ಕಂಪೈಲರ್‌ಗಳಿಗೆ ಇದು ಒಳ್ಳೆಯ ಸಾಧನ. ಕೈಯಿಂದ ಬರೆಯುವ ಕೋಡ್‌ನಲ್ಲಿ ನಾನು ಇದನ್ನು ಬಳಸುವುದಿಲ್ಲ, ಬಳಸಿ ಅಂತ ಹೇಳುವುದೂ ಇಲ್ಲ. ಒಂದೇ ರಿಜಿಸ್ಟರ್‌ನ ಎರಡು ಅರ್ಧಗಳಲ್ಲಿ ಎರಡು ಬೇರೆ ವಿಷಯ ಇಟ್ಟು, ಮಧ್ಯೆ ಯಾರೋ ಪೂರ್ತಿ 64 ಬಿಟ್ ನಕಲು ಮಾಡುವ ಒಂದು ಎಲ್‌ಜಿಆರ್ ಸೇರಿಸಿದರೆ ಮುಗಿಯಿತು.

ಇದನ್ನೆಲ್ಲ ನೋಡಲು ದೊಡ್ಡ ಯಂತ್ರ ಬೇಕಿಲ್ಲ. ಝಡ್390 ಎಂಬ ಅಸೆಂಬ್ಲರ್ ಜಾವಾದಲ್ಲಿ ಬರೆದದ್ದು, ಮಾಮೂಲಿ ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ. 1999ರಲ್ಲಿ ರೋಜರ್ ಬೌಲರ್ ಶುರು ಮಾಡಿದ ಹರ್ಕ್ಯುಲಿಸ್ ಎಮ್ಯುಲೇಟರ್ ಕೂಡ ಇದೆ. ಆದರೆ ಅದರ ಜೊತೆ ಹೆಚ್ಚಾಗಿ ಬಳಸುವ ಹಳೆಯ ಆಪರೇಟಿಂಗ್ ಸಿಸ್ಟಮ್ ಎಂವಿಎಸ್ 3.8ಜೆ, ಸಿಸ್ಟಮ್/370ರ 24 ಬಿಟ್ ಕಾಲದ್ದು. ಅಲ್ಲಿ ಎಡ ಅರ್ಧವೇ ಇಲ್ಲ. ಹಾಗಾಗಿ ಈ ಪಾಠಕ್ಕೆ ಝಡ್390 ವಾಸಿ.

ಮೊದಲು ಐಐಎಚ್‌ಎಫ್‌ನಿಂದ 5ನೇ ರಿಜಿಸ್ಟರ್‌ನ ಎಡ ಅರ್ಧಕ್ಕೆ ಗುರುತಾಗುವಂಥ ಒಂದು ಬೆಲೆ ಹಾಕಿ, 12345678 ಆದರೂ ಸಾಕು. ಆಮೇಲೆ ಮೇಲಿನ 80001000 ಅನ್ನೇ ಎಲ್‌ನಿಂದ ಎತ್ತಿಕೊಂಡು 64 ಬಿಟ್ ಪೂರ್ತಿ ಪ್ರಿಂಟ್ ಮಾಡಿ. ಗುರುತು ಹಾಗೇ ಇರುವುದು ಕಾಣುತ್ತದೆ. ಪ್ರತಿ ಸಲ ಗುರುತು ಮತ್ತೆ ಹಾಕಿ, ಎಲ್‌ಜಿಎಫ್, ಎಲ್‌ಎಲ್‌ಜಿಎಫ್, ಎಲ್‌ಎಲ್‌ಜಿಟಿ ಒಂದೊಂದಾಗಿ ಓಡಿಸಿ. ಪ್ರಿಂಟ್ ಮಾಡುವ ಮೊದಲು ಉತ್ತರ ಏನು ಬರಬೇಕು ಅಂತ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ನಾಲ್ಕೂ ಸರಿ ಬಂದ ಮೇಲೆ ಎಜಿಎಫ್, ಎಎಲ್‌ಜಿಎಫ್‌ಗೆ ಹೋಗಿ, ಈ ಸಲ ಮೆಮೊರಿಯಲ್ಲಿ -5 ಇಟ್ಟು.